ಶಾಲೆಯಲ್ಲಿ ಅಮ್ಮಂದಿರ ದಿನ ಯಾವಾಗ, ಹೇಗೆ ಮಾಡೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ಶಿಕ್ಷಕಿ

ನಮ್ಮದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆ. ಈ ವರ್ಷ ಅಮ್ಮಂದಿರ ದಿನ ಮಾಡೋಣ ಅಂತ ಎಸ್‌ಡಿಎಂಸಿ (ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ) ಸಭೆಯಲ್ಲಿ ಮಾತು ಬಂತು. ಎಲ್ಲರೂ ಹೇಳುವ ಮೇ ಎರಡನೇ ಭಾನುವಾರ ನಮಗೆ ಬೇಸಿಗೆ ರಜೆ. ಬೇರೆ ದಿನ ಇಟ್ಟರೆ ಅದು ಅಮ್ಮಂದಿರ ದಿನ ಹೇಗಾಗುತ್ತದೆ ಅಂತ ಒಬ್ಬರು ಕೇಳಿದರು. ಇದು ನಮ್ಮ ಪದ್ಧತಿಯೇ ಅಲ್ಲ, ಸುಮ್ನೆ ಯಾಕೆ ಅಂತ ಇನ್ನೊಬ್ಬರು. ನಮ್ಮ ತಾಯಂದಿರಲ್ಲಿ ಜಾಸ್ತಿ ಜನ ರೇಷ್ಮೆ ಹುಳು ಸಾಕುವವರು, ಇಲ್ಲವೇ ಕೂಲಿಗೆ ಹೋಗುವವರು. ತಾಯಿ ಇಲ್ಲದ ಮಕ್ಕಳೂ ಇದ್ದಾರೆ. ಮಾಡಿ ನೋಡಿದವರು ದಯವಿಟ್ಟು ದಾರಿ ಹೇಳಿ.

ತುಮಕೂರಿನಿಂದ, ನಿವೃತ್ತ ಶಿಕ್ಷಕಿ

ಮೊದಲು ದಿನದ ವಿಷಯ ಮುಗಿಸಿಬಿಡೋಣ. ಇಡೀ ಜಗತ್ತಿಗೆ ಒಂದೇ ಅಮ್ಮಂದಿರ ದಿನ ಅಂತ ಇಲ್ಲವೇ ಇಲ್ಲ. ಮೇ ಎರಡನೇ ಭಾನುವಾರ ಅಮೆರಿಕದಿಂದ ಬಂದದ್ದು. ಅನಾ ಜಾರ್ವಿಸ್ ಅನ್ನುವವರ ತಾಯಿ 1905ರ ಮೇ 9ರಂದು ತೀರಿಕೊಂಡರು. 1908ರ ಮೇ 10ರಂದು ಗ್ರಾಫ್ಟನ್ ಎಂಬ ಊರಿನ ಚರ್ಚಿನಲ್ಲಿ ಮಗಳು ಪ್ರಾರ್ಥನೆ ಇಡಿಸಿ, 500 ಬಿಳಿ ಕಾರ್ನೇಷನ್ ಹೂ ಕಳಿಸಿಕೊಟ್ಟರು. ಅದು ಅವರ ಅಮ್ಮನಿಗೆ ಇಷ್ಟದ ಹೂ. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸಹಿ ಹಾಕಿದರು, ಅದು ದೇಶದ ದಿನವಾಯಿತು. ಒಬ್ಬ ಮಗಳು ತನ್ನ ತಾಯಿ ತೀರಿದ ಹೊತ್ತನ್ನು ನೆನೆದು ಆರಿಸಿಕೊಂಡ ಭಾನುವಾರ ಅದು. ಶಿಡ್ಲಘಟ್ಟದವರಿಗೂ ಅದೇ ಆಗಬೇಕು ಅಂತೇನಿಲ್ಲ.

ಈಜಿಪ್ಟಿನಲ್ಲಿ ವಸಂತ ಶುರುವಾಗುವ ಮಾರ್ಚ್ 21. ಮುಸ್ತಫಾ ಅಮೀನ್ ಎಂಬ ಪತ್ರಕರ್ತರು ಪಟ್ಟು ಹಿಡಿದು ಬರೆದದ್ದರಿಂದ 1956ರಲ್ಲಿ ಅಲ್ಲಿ ಆರಂಭವಾಯಿತು, ಆಮೇಲೆ ಎಷ್ಟೋ ಅರಬ್ ದೇಶಗಳಿಗೆ ಹರಡಿತು. ಮೆಕ್ಸಿಕೋದಲ್ಲಿ 1922ರಿಂದ ಮೇ 10. ವಾರ ಯಾವುದೇ ಬರಲಿ, ತಾರೀಖು ಬದಲಾಗುವುದಿಲ್ಲ. ನಿಮಗೆ ಹೊಂದುವುದು ಥಾಯ್ಲೆಂಡಿನದು. ಅಲ್ಲಿ 1976ರಿಂದ ಆಗಸ್ಟ್ 12, ಸಿರಿಕಿತ್ ರಾಣಿಯ ಹುಟ್ಟುಹಬ್ಬದ ದಿನ. ಶಾಲೆಗಳಲ್ಲೇ ಮಾಡುತ್ತಾರೆ. ತಾಯಂದಿರನ್ನು ಕುರ್ಚಿಯಲ್ಲಿ ಕೂರಿಸಿ, ಮಕ್ಕಳು ಮಲ್ಲಿಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡುತ್ತಾರೆ. ನಮ್ಮ ದುಂಡುಮಲ್ಲಿಗೆಯ ಜಾತಿಯೇ ಅದು. ಚಿಕ್ಕಬಳ್ಳಾಪುರದ ಕಡೆ ಹೂವಿಗೆ ಬರವೇ?

ಇನ್ನು ನಮ್ಮ ಪದ್ಧತಿ ಅಲ್ಲ ಅಂದವರಿಗೆ ಗೌರಿ ಹಬ್ಬ ನೆನಪಿಸಿ. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಬಟ್ಟೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಒಂದು ಬಾಗಿನ ಗೌರಿಗೆ, ಒಂದು ಹೆತ್ತ ತಾಯಿಗೆ ಅಂತ ಎಷ್ಟು ಮನೆಗಳಲ್ಲಿ ಕೊಡುವುದಿಲ್ಲ? ನಾವು ಬೆನಕನ ಅಮಾವಾಸ್ಯೆ ಅನ್ನುವ ಶ್ರಾವಣದ ಅಮಾವಾಸ್ಯೆಯನ್ನು ಮಹಾರಾಷ್ಟ್ರದಲ್ಲಿ ಮಾತೃದಿನ ಅಂತಲೇ ಆಚರಿಸುತ್ತಾರೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಶಾಲೆಯಲ್ಲಿ ಅರಿಶಿನ ಕುಂಕುಮ, ಬಾಗಿನ ಇಡಬೇಡಿ. ಅದು ಮುತ್ತೈದೆಯರ ಲೆಕ್ಕ. ಗಂಡ ತೀರಿದ ತಾಯಿ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂರುತ್ತಾಳೆ, ಅವಳ ಮಗು ಅದನ್ನು ನೋಡುತ್ತದೆ. ಒಂಟಿಯಾಗಿ ದುಡಿದು ಮಗು ಓದಿಸುವವಳಿಗೇ ಮೊದಲ ಕುರ್ಚಿ ಸಿಗಬೇಕು. ಹೂ ಕೊಡಿ, ಎಲ್ಲರಿಗೂ ಒಂದೇ ಥರ ಕೊಡಿ.

ಕೆಜಿಎಫ್‌ನಿಂದ

ನಮ್ಮ ಚರ್ಚಿನಲ್ಲಿ ಮೇ ಭಾನುವಾರವೇ ಮಾಡುತ್ತೇವೆ. ನಮಗೆ ಅದು ಸರಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಹೆಂಗಸರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಭಾನುವಾರ ಬಿಟ್ಟರೆ ಮಕ್ಕಳಿಗೆ ಅಮ್ಮ ಸಿಗುವುದೇ ಇಲ್ಲ. ಇಂಗ್ಲೆಂಡಿನ ಹಳೇ ಪದ್ಧತಿ ಓದಿದಾಗ ನನಗೆ ನಮ್ಮೂರೇ ಕಂಡಿತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಬರುವ ನಾಲ್ಕನೇ ಭಾನುವಾರ, ದೊಡ್ಡ ಮನೆಗಳಲ್ಲಿ ಕೆಲಸಕ್ಕಿದ್ದ ಹುಡುಗ ಹುಡುಗಿಯರಿಗೆ ರಜೆ ಕೊಟ್ಟು ಊರಿಗೆ ಕಳಿಸುತ್ತಿದ್ದರಂತೆ. ದಾರಿಯಲ್ಲಿ ಕಾಡು ಹೂ ಕಿತ್ತುಕೊಂಡು ಅಮ್ಮನ ಹತ್ತಿರ ಹೋಗುತ್ತಿದ್ದರು. ರಜೆ ಕೊಟ್ಟದ್ದೇ ಅಲ್ಲಿ ದೊಡ್ಡ ಉಡುಗೊರೆ.

ಚಿಂತಾಮಣಿ ಕಡೆಯಿಂದ, ಹುಳು ಮನೆಯವಳು

ಮೇಡಂ, ತಾರೀಖು ಗೊತ್ತು ಮಾಡುವ ಮುಂಚೆ ತಾಯಂದಿರನ್ನು ಕೇಳಿ. ಯಾವ ಮನೆಯಲ್ಲಿ ಹುಳು ಯಾವ ಜ್ವರದಲ್ಲಿದೆ ಅಂತ ಕೇಳಿ ಬರೆದುಕೊಳ್ಳಿ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ನಮಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ, ಸೊಪ್ಪು ಹಾಕಿದಷ್ಟೂ ಸಾಲದು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟಿಗೆ ಬಿಡುವ ದಿನವಂತೂ ಯಾರು ಕರೆದರೂ ಬರಲಾರೆವು. ಚಾಕಿ ಹುಳು, ಅಂದರೆ ಮರಿ ಹುಳು, ಬಂದ ಮೊದಲ ದಿನಗಳಲ್ಲಿ ಸ್ವಲ್ಪ ಬಿಡುವು ಸಿಗುತ್ತದೆ. ಒಬ್ಬೊಬ್ಬರ ಬೆಳೆ ಒಂದೊಂದು ಹಂತದಲ್ಲಿ ಇರುವುದರಿಂದ ಒಂದೇ ದಿನಕ್ಕೆ ಎಲ್ಲರೂ ಸಿಗುವುದಿಲ್ಲ. ಎರಡು ದಿನ ಇಡಿ, ಆಗುವ ದಿನಕ್ಕೆ ಬರಲಿ.

ಹೊತ್ತು ಬೆಳಿಗ್ಗೆ ಹನ್ನೊಂದು. ಡೇರಿಗೆ ಹಾಲು ಹಾಕಿ, ಹುಲ್ಲು ತಂದು ಬರುವಷ್ಟರಲ್ಲಿ ಅಷ್ಟಾಗುತ್ತದೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಿರಬೇಕು. ಹಸುವಿಗೆ ಹಬ್ಬ ಗೊತ್ತಿಲ್ಲ. ಕೂಲಿಗೆ ಹೋಗುವವರಿಗೆ ಅರ್ಧ ದಿನದ ಕೂಲಿ ಹೋಗದ ಹಾಗೆ ನೋಡಿ. ಶಾಲೆ ಶುರುವಾದ ಜೂನ್ ಮೊದಲ ವಾರಗಳಾದರೆ ಕಳೆ ಕೀಳುವ ಕೆಲಸ ಇನ್ನೂ ಬಂದಿರುವುದಿಲ್ಲ. ರಾಗಿ ಬಿತ್ತಿದ ಮೇಲೆ ನಮ್ಮನ್ನು ಹಿಡಿಯುವುದು ಕಷ್ಟ.

ಶಿಡ್ಲಘಟ್ಟದ ಶಿಕ್ಷಕಿ

ಇದು ನನಗೆ ತುಂಬಾ ಉಪಯೋಗ ಆಯಿತು. ಜೂನ್ ಅಂತಲೇ ಮಾತಾಡುತ್ತೇನೆ. ತಾಯಿ ಇಲ್ಲದ ಮಕ್ಕಳ ವಿಷಯ ಯಾರಾದರೂ ಹೇಳುತ್ತೀರಾ? ಅದೇ ನನಗೆ ಜಾಸ್ತಿ ಚಿಂತೆ.

ಶಿರಾದಿಂದ

ನಾನು ಅಜ್ಜಿ ಬೆಳೆಸಿದ ಹುಡುಗ. ಅಮೆರಿಕದಲ್ಲಿ ಒಂದು ರೂಢಿ ಬಂತು, ತಾಯಿ ಇದ್ದವರಿಗೆ ಬಣ್ಣದ ಹೂ, ಇಲ್ಲದವರಿಗೆ ಬಿಳಿ ಹೂ. ದೊಡ್ಡವರಿಗೆ ಅದು ಸರಿ ಇರಬಹುದು. ಶಾಲೆಯಲ್ಲಿ ಖಂಡಿತ ಬೇಡ. ಮಗುವಿನ ಎದೆಯ ಮೇಲೆ ಗುರುತು ಹಾಕಿದ ಹಾಗಾಗುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಬಿಟ್ಟುಬಿಡಿ ಅನ್ನುವುದೂ ಬೇಡ.

ದಕ್ಷಿಣ ಕೊರಿಯಾದವರು ತಾಯಂದಿರ ದಿನವನ್ನೇ 1973ರಲ್ಲಿ ಹೆತ್ತವರ ದಿನ ಮಾಡಿದರು, ಮೇ 8. ಅಪ್ಪನೂ ಸೇರಿದ. ನೀವು ಇನ್ನೂ ಒಂದು ಹೆಜ್ಜೆ ಹೋಗಿ, ಸಾಕಿದವರು ಯಾರೋ ಅವರನ್ನು ಕರೆಯಿರಿ. ಕರೆಯೋಲೆಯಲ್ಲೇ "ನಿಮ್ಮನ್ನು ಸಾಕುವವರು" ಅಂತ ಬರೆಯಿರಿ. ಅಜ್ಜಿ, ದೊಡ್ಡಮ್ಮ, ಅಕ್ಕ, ಅಪ್ಪ ಯಾರಾದರೂ ಬರಲಿ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಆಲದ ಗಿಡಗಳನ್ನೇ ಮಕ್ಕಳು ಅಂತ ನೀರು ಹೊತ್ತು ಸಾಕಿದವರು. ಅವರ ಕಥೆಯಿಂದ ಕಾರ್ಯಕ್ರಮ ಶುರು ಮಾಡಿದರೆ ಸಾಕುವುದು ಅಂದರೆ ಏನು ಅಂತ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ತೀರಿಹೋದ ಅಮ್ಮನನ್ನು ನೆನೆಯಲು ಬೇರೆ ದಿನಗಳಿವೆ. ನೇಪಾಳದಲ್ಲಿ ಅವರ ಲೆಕ್ಕದ ವೈಶಾಖದ (ನಮ್ಮ ಲೆಕ್ಕದಲ್ಲಿ ಚೈತ್ರದ) ಅಮಾವಾಸ್ಯೆಯಂದು ತಾಯಿ ಇಲ್ಲದವರು ಕಠ್ಮಂಡು ಹತ್ತಿರದ ಮಾತಾತೀರ್ಥದ ಕೊಳಕ್ಕೆ ಹೋಗಿ ಮಿಂದು, ಅವಳ ಹೆಸರಿನಲ್ಲಿ ದಾನ ಕೊಡುತ್ತಾರೆ. ಆ ನೀರಿನಲ್ಲಿ ಹಿಂದೆ ಒಬ್ಬ ದನಗಾಹಿಗೆ ತಾಯಿಯ ಮುಖ ಕಂಡಿತ್ತು ಅನ್ನುವ ಕಥೆ ಇದೆ. ನಾವು ಪಿತೃಪಕ್ಷದಲ್ಲಿ, ಗಂಡ ಇರುವಾಗಲೇ ತೀರಿಕೊಂಡ ಹೆಂಗಸರಿಗೆ ಅಂತ ಅವಿಧವಾ ನವಮಿ ಮಾಡುತ್ತೇವೆ, ಹಿರಿಯರ ಹಬ್ಬಕ್ಕೆ ಅವಳ ಇಷ್ಟದ ಅಡುಗೆ ಮಾಡಿ ಎಡೆ ಇಡುತ್ತೇವೆ. ಆ ದುಃಖ ಮನೆಯಲ್ಲಿ ಇರಲಿ, ಮನೆಯವರ ಜೊತೆ ಇರಲಿ.

ಮಾಲೂರಿನಿಂದ, ಸ್ತ್ರೀಶಕ್ತಿ ಸಂಘದವರು

ಬರೀ ಹೂ ಕೊಟ್ಟು ಫೋಟೋ ತೆಗೆದು ಕಳಿಸಬೇಡಿ ಅನ್ನುವುದು ನಮ್ಮ ಕೋರಿಕೆ. ಅನಾ ಜಾರ್ವಿಸ್ ಅವರ ತಾಯಿ ಆನ್ ರೀವ್ಸ್ ಜಾರ್ವಿಸ್ 1850ರ ದಶಕದಲ್ಲೇ ಊರೂರಲ್ಲಿ ತಾಯಂದಿರ ಸಂಘ ಕಟ್ಟಿದ್ದರು. ಅವರ ಮಕ್ಕಳೇ ಎಷ್ಟೋ ಜನ ಚಿಕ್ಕಂದಿನಲ್ಲಿ ತೀರಿಹೋಗಿದ್ದರು. ಹಾಲು ಶುದ್ಧವಿದೆಯೇ, ಮನೆ ಸುತ್ತ ಚೊಕ್ಕಟ ಇದೆಯೇ ಅಂತ ನೋಡುವುದು, ಕಾಯಿಲೆ ಬಿದ್ದ ತಾಯಿಯ ಮನೆಗೆ ಆಳು ಕಳಿಸುವುದು ಸಂಘದ ಕೆಲಸ. ನಾವು ಇಲ್ಲಿ ಮಾಡುವುದೂ ಹೆಚ್ಚು ಕಡಿಮೆ ಇದೇ ಅಲ್ವಾ?

ಇಂಡೋನೇಷ್ಯಾದ ದಿನ ಡಿಸೆಂಬರ್ 22. 1928ರಲ್ಲಿ ಯೋಗ್ಯಕರ್ತದಲ್ಲಿ ಅಲ್ಲಿನ ಹೆಂಗಸರ ಮೊದಲ ದೊಡ್ಡ ಸಮಾವೇಶ ಶುರುವಾದ ದಿನ ಅದು. ಹೆಣ್ಣುಮಕ್ಕಳ ಓದು, ಬಾಲ್ಯವಿವಾಹ ಅಲ್ಲಿ ಚರ್ಚೆಯಾದವು. ನೀವೂ ಅರ್ಧ ಗಂಟೆ ಮೈಕ್ ತಾಯಂದಿರಿಗೆ ಕೊಡಿ. ಶಾಲೆಯಲ್ಲಿ ಶೌಚಾಲಯ ಸರಿ ಇದೆಯಾ, ಏಳನೇ ಕ್ಲಾಸ್ ಆದ ಮೇಲೆ ಮಗಳು ಯಾವ ಬಸ್ಸಿನಲ್ಲಿ ಹೈಸ್ಕೂಲಿಗೆ ಹೋಗಬೇಕು, ಇದನ್ನೆಲ್ಲ ಅವರೇ ಕೇಳಲಿ. ನಮ್ಮಲ್ಲಿ ಹಾಗೆ ಮಾಡಿದಾಗ ಎಂದೂ ಬಾಯಿ ಬಿಡದವರು ಎದ್ದು ನಿಂತು ಮಾತಾಡಿದರು. ಎಸ್‌ಡಿಎಂಸಿಯವರು ಬರೆದುಕೊಂಡರು.

ಮುಳಬಾಗಿಲಿನಿಂದ, ಶಿಕ್ಷಕ

ಪತ್ರ ಬರೆಸುವುದು ಒಳ್ಳೆಯದು. ಅಚ್ಚು ಹಾಕಿದ ಕಾರ್ಡು ಬೇಡ, ಕೈಯಾರೆ ಬರೆಯಿರಿ ಅಂತ ಅನಾ ಜಾರ್ವಿಸ್ ಕೊನೆತನಕ ಹೇಳುತ್ತಿದ್ದರು. ಆದರೆ ನಮ್ಮ ಗಡಿ ಕಡೆ ಎಷ್ಟೋ ತಾಯಂದಿರಿಗೆ ಓದಲು ಬರುವುದಿಲ್ಲ, ಮನೆಮಾತು ತೆಲುಗು. ಪತ್ರ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಮಗು ಕನ್ನಡದಲ್ಲಿ ಬರೆದು, ಅಮ್ಮನ ಪಕ್ಕ ಕೂತು ಮನೆಮಾತಿನಲ್ಲಿ ಓದಿ ಹೇಳಲಿ. ವೇದಿಕೆ ಹತ್ತಿಸುವುದು ಬೇಡ, ತರಗತಿಯಲ್ಲೇ ಸಾಕು.

ಇನ್ನೊಂದು, ಊಟದ ವಿಷಯ. ತಾಯಂದಿರಿಗೆ ಅಂದು ಬಿಸಿಯೂಟ ಹಾಕಿದರೆ ಅಡುಗೆ ಮಾಡುವ ಅಕ್ಕಂದಿರಿಗೆ ಕೆಲಸ ಎರಡರಷ್ಟಾಗುತ್ತದೆ. ಅವರ ಮಕ್ಕಳೂ ನಿಮ್ಮ ಶಾಲೆಯಲ್ಲೇ ಇರಬಹುದು. ತರಕಾರಿ ಹೆಚ್ಚುವುದು, ಬಡಿಸುವುದು, ತಟ್ಟೆ ತೊಳೆಯುವುದು ಮೇಷ್ಟ್ರುಗಳು, ಅಪ್ಪಂದಿರು, ಎಸ್‌ಡಿಎಂಸಿಯವರು ವಹಿಸಿಕೊಳ್ಳಲಿ. ಹಿಂದಿನ ದಿನವೇ ಯಾರು ಏನು ಅಂತ ಹೆಸರು ಬರೆದು ಅಡುಗೆ ಮನೆ ಬಾಗಿಲಿಗೆ ಅಂಟಿಸಿ.