ಅಪ್‌ಡೇಟ್: ಮಲ್ಪೆ–ಕಾಪು, ಹೈವೇ ಮುಟ್ಟದೆ ಸೈಕಲ್ ದಾರಿ

ಉಡುಪಿ ಕಡೆ ಹೆದ್ದಾರಿ 66ರ ಲಾರಿಗಳ ಕಾಟವಿಲ್ಲದೆ, ಆದಷ್ಟು ಜಲ್ಲಿ-ಮಣ್ಣಿನ ದಾರಿಯಲ್ಲಿ ಮಲ್ಪೆಯಿಂದ ದಕ್ಷಿಣಕ್ಕಿರುವ ಕಾಪುವಿಗೆ ಸೈಕಲ್‌ನಲ್ಲಿ ಹೋಗಬಹುದಾ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆ.

ನೀವು ಕೊಟ್ಟ ಸಲಹೆಗಳಲ್ಲಿ ಗೆದ್ದದ್ದು ಪಡುಕೆರೆ, ಮಟ್ಟು ಊರುಗಳ ಮೂಲಕ ಹೋಗುವ ದಾರಿ. ಮಲ್ಪೆಯಲ್ಲಿ ಸೇತುವೆ ದಾಟಿದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಉದ್ಯಾವರ ಹೊಳೆ, ನಡುವೆ ಸಣ್ಣ ರಸ್ತೆ. ಮುಖ್ಯ ದಾರಿ ಜಲ್ಲಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತೆಂಗಿನ ತೋಟಗಳ ನಡುವಿನ ಅಡ್ಡದಾರಿಗಳಲ್ಲಿ ಕೆಂಪು ಮಣ್ಣು, ಮರಳು, ಜಂಬಿಟ್ಟಿಗೆ ಪುಡಿ ಎಲ್ಲಾ ಸಿಗುತ್ತದೆ. 40 ಮಿಲಿಮೀಟರ್ ಟೈರಿಗೆ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಆರಾಮ. ಭಾನುವಾರ ಸಂಜೆ ಮಾತ್ರ ಬೇಡ, ಬೀಚಿಗೆ ಬರುವ ಕಾರುಗಳು ಜಾಸ್ತಿ.

ಇಳಿತದ ಹೊತ್ತಲ್ಲಿ ಬೀಚಿನ ಮೇಲೇ ಓಡಿಸಿ ಅಂದವರಿಗೆ ನಮಸ್ಕಾರ! ಒದ್ದೆ ಮರಳು ಗಟ್ಟಿ ಇರುತ್ತದೆ ನಿಜ, ಆದರೆ ಉಪ್ಪುನೀರು ಚೈನಿಗೆ ಹಾರಿ, ಸಿಹಿನೀರಲ್ಲಿ ತೊಳೆದು ಎಣ್ಣೆ ಹಾಕುವಷ್ಟರಲ್ಲಿ ತುಕ್ಕು ಶುರುವಾಗಿತ್ತು.

ನನಗೆ ಮೊದಲು ಗೊತ್ತಿಲ್ಲದಿದ್ದ ಸಂಗತಿ ಗಾಳಿಯದ್ದು. ಮಧ್ಯಾಹ್ನದ ಮೇಲೆ ಕಡಲಗಾಳಿ ವಾಯವ್ಯದಿಂದ ಬೀಸುತ್ತದೆ, ಹಾಗಾಗಿ ಕಾಪುವಿನಿಂದ ಮಲ್ಪೆಗೆ ವಾಪಸ್ ಬರುವಾಗ ಸುಮ್ನೆ ತುಳಿದದ್ದೇ ತುಳಿದದ್ದು. ಕಾಪುವಿನಿಂದ ಬೆಳಿಗ್ಗೆ ಮಲ್ಪೆಗೆ ಹೊರಟು, ಕಾಪುವಿನ 1901ರ ದೀಪಸ್ತಂಭಕ್ಕೆ ಮಧ್ಯಾಹ್ನ ಮರಳಿದರೆ ಗಾಳಿ ಬೆನ್ನಿಗಿರುತ್ತದೆ.

ಮಟ್ಟುವಿನಲ್ಲಿ ಗುಳ್ಳ ಬದನೆಯ ಗದ್ದೆಗಳೂ ಸಿಕ್ಕವು. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ ತಳಿ ಇದೇ. ಮಲ್ಪೆಯಿಂದ ಉತ್ತರಕ್ಕಿರುವ ಕೋಡಿಬೆಂಗ್ರೆ ಕಡೆಯ ಸಲಹೆ ಇನ್ನೂ ಬಾಕಿ, ಮಳೆ ಬಿಟ್ಟ ಮೇಲೆ ನೋಡಬೇಕು.