ಅಪ್‌ಡೇಟ್: ಸ್ಯಾಂ ಮಾಲೊ ನೋಡಿ ಬಂದೆವು

ಫ್ರಾನ್ಸ್‌ನ ಸ್ಯಾಂ ಮಾಲೊಗೆ ಒಂದೇ ದಿನ ಸಾಕಾ ಅಂತ ಹೋದ ತಿಂಗಳು ಕೇಳಿದ್ದೆ. ಒಂದು ರಾತ್ರಿ ಉಳಿಯಿರಿ, ಸಮುದ್ರದ ಇಳಿತದ ಸಮಯ ಮೊದಲೇ ನೋಡಿಕೊಳ್ಳಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಆ ಮಾತು ಕೇಳಿದ್ದೇ ಒಳ್ಳೆಯದಾಯ್ತು.

ಕೋಟೆಗೋಡೆಯ ಮೇಲೆ ಊರು ಪೂರ್ತಿ ಸುತ್ತಬಹುದು, ದುಡ್ಡು ಕೊಡಬೇಕಿಲ್ಲ. ಒಳಗಿನ ಮನೆಗಳು ಹಳೆಯವು ಅನ್ನಿಸುತ್ತವೆ. ಆದರೆ 1944ರ ಯುದ್ಧದಲ್ಲಿ ಬಹುಪಾಲು ಊರು ಸುಟ್ಟುಹೋಗಿ, ಆಮೇಲೆ ಕಲ್ಲಿನಲ್ಲೇ ಮತ್ತೆ ಕಟ್ಟಿದ್ದಂತೆ. ಇದು ಗೊತ್ತಾದ ಮೇಲೆ ಮತ್ತೊಂದು ಸುತ್ತು ಹಾಕಿದೆವು.

ನನಗೆ ಜಾಸ್ತಿ ಹಿಡಿಸಿದ್ದು ಗ್ರಾಂ ಬೇ ದ್ವೀಪ. ನೀರು ಇಳಿದಾಗ ಕಲ್ಲಿನ ದಾರಿ ಮೇಲೇಳುತ್ತದೆ. ಒದ್ದೆ ಪಾಚಿ, ಕಲ್ಲಿಗೆ ಅಂಟಿದ ಚಿಪ್ಪುಗಳು, ಕಾಲು ಜಾರುತ್ತದೆ. ತುದಿಯಲ್ಲಿ ಲೇಖಕ ಶಾತೋಬ್ರಿಯಾಂ ಸಮಾಧಿ. ಅದರ ಮೇಲೆ ಹೆಸರಿಲ್ಲ, ಸಮುದ್ರಕ್ಕೆ ಮುಖ ಮಾಡಿದ ಒಂದು ಕಲ್ಲಿನ ಶಿಲುಬೆ ಅಷ್ಟೇ. ಅಲ್ಲಿ ಸುಮ್ನೆ ಕೂತುಬಿಟ್ಟೆವು. ದೊಡ್ಡ ಭರತದ ದಿನಗಳಲ್ಲಿ ಇಲ್ಲಿ ನೀರು 12 ಮೀಟರ್‌ವರೆಗೆ ಏರಿಳಿಯುತ್ತದೆ, ಹಾಗಾಗಿ ಬೇಗ ವಾಪಸ್ ಬನ್ನಿ.

ಇನ್ನೊಂದು ವಿಷಯ. 1746ರಲ್ಲಿ ಇಂಗ್ಲಿಷರಿಂದ ಮದ್ರಾಸ್ ಗೆದ್ದ ಫ್ರೆಂಚ್ ನೌಕಾಧಿಕಾರಿ ಲಾ ಬೂರ್ದೊನೆ ಈ ಊರಿನವನೇ! ಅಷ್ಟು ದೂರದ ಊರಲ್ಲಿ ನಮ್ಮ ಕಡೆಯ ಚರಿತ್ರೆ ಸಿಕ್ಕಿದ್ದು ಖುಷಿಯಾಯ್ತು, ಅಲ್ವಾ?

ಹೋಗುವವರು ಗಾಳಿ ತಡೆಯುವ ಜಾಕೆಟ್ ಮರೆಯಬೇಡಿ.