ಎಚ್-4ರವರ ಕೆಲಸದ ಪರವಾನಗಿ: ಕಾಗದ ಜೋಡಿಸುವಾಗಿನ ಪ್ರಶ್ನೋತ್ತರ

ಪ್ರಶ್ನೆ (ಮೂಲ ಹಾಸನ, ಈಗ ಟೆಕ್ಸಾಸ್):
ನಮಸ್ಕಾರ ಮೇಡಂ. ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಅಮೆರಿಕಕ್ಕೆ ಬಂದು ಮೂರು ವರ್ಷವಾಯಿತು. ಊರಲ್ಲಿ ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡ್ತಿದ್ದೆ. ನಮ್ಮ ಯಜಮಾನರ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಹೋದ ತಿಂಗಳು ಅಪ್ರೂವ್ ಆಯಿತು. ಇನ್ನು ನಾನು ಇಎಡಿಗೆ, ಅಂದರೆ ಕೆಲಸದ ಪರವಾನಗಿಗೆ, ಅರ್ಜಿ ಹಾಕಬಹುದಂತೆ. ಆದರೆ ಕಾಗದಗಳನ್ನೆಲ್ಲ ಹರಡಿಕೊಂಡು ಕೂತರೆ ಭಯ ಆಗುತ್ತೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ ಇದೆ. ಮದುವೆ ನೋಂದಣಿ ಪತ್ರದಲ್ಲಿ ಬರೀ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಅಕ್ಷರವೂ ಸೇರಿಕೊಂಡಿದೆ. ಮದುವೆ ಪತ್ರ ಕನ್ನಡದಲ್ಲಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ವಲಸೆ ವಕೀಲೆ, ನ್ಯೂಜೆರ್ಸಿ):
ನಮಸ್ಕಾರ. ಮೊದಲು ಐ-94ರಿಂದ, ಅಂದರೆ ಈ ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂದು ತಿಳಿಸುವ ಪ್ರವೇಶ ದಾಖಲೆಯಿಂದ, ಶುರು ಮಾಡಿ. ಇಲ್ಲಿನ ಗಡಿ-ಸುಂಕ ಇಲಾಖೆ ಸಿಬಿಪಿಯ ವೆಬ್‌ಸೈಟಿನಿಂದ ಅದನ್ನು ಇಳಿಸಿಕೊಂಡು ಮುದ್ರಿಸಿ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಎಲ್ಲ ನೋಡಿ. ಕೊನೆಗೆ ಅದು ಯಾವತ್ತು ಮುಗಿಯುತ್ತದೆ ಎಂಬುದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ನಿಮ್ಮ ಕೆಲಸದ ಪರವಾನಗಿ ಕಾರ್ಡಿಗೆ ಸಿಗುವ ಅವಧಿ ಆ ತಾರೀಖನ್ನು ದಾಟುವುದಿಲ್ಲ. ವೀಸಾ ಸ್ಟಾಂಪಿನ ಮೇಲಿನ ದಿನಾಂಕ ನೋಡಿ ನೆಮ್ಮದಿಯಾಗಿದ್ದು, ಐ-94 ಮುಗಿದಿದ್ದೇ ತಿಳಿಯದೆ ಕಷ್ಟಕ್ಕೆ ಸಿಕ್ಕಿದವರನ್ನು ಕಂಡಿದ್ದೇನೆ. ಎಚ್-4 ಅವಧಿ ಇಲ್ಲೇ ವಿಸ್ತರಣೆಯಾಗಿದ್ದರೆ ಹೊಸ ಐ-94 ನಿಮ್ಮ ಐ-797 ಅನುಮೋದನೆ ಪತ್ರದ ಕೆಳಭಾಗದಲ್ಲಿರುತ್ತದೆ. ಅದಾದ ಮೇಲೆ ಊರಿಗೆ ಹೋಗಿ ಬಂದಿದ್ದರೆ ವಿಮಾನ ನಿಲ್ದಾಣದಲ್ಲಿ ಕೊಟ್ಟದ್ದೇ ಲೆಕ್ಕಕ್ಕೆ.

ಹೆಸರಿನ ವಿಷಯಕ್ಕೆ ಹೆದರಬೇಡಿ. ನಮ್ಮ ಕಡೆ ಊರು, ಅಪ್ಪ, ಕೆಲವೊಮ್ಮೆ ಮನೆತನ, ಎಲ್ಲ ಒಂದೊಂದು ಅಕ್ಷರವಾಗಿ ಹೆಸರಿಗೆ ಅಂಟಿಕೊಂಡಿರುತ್ತವೆ. ಇಲ್ಲಿನ ಅಧಿಕಾರಿಗೆ ಅದು ಗೊತ್ತಿರಬೇಕೆಂದಿಲ್ಲ, ನಾವೇ ತಿಳಿಸಬೇಕು. ಕೆಲಸದ ಪರವಾನಗಿಗೆ ಹಾಕುವ ಐ-765 ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ಸರ್‌ನೇಮ್ ಯಾವುದು, ಗಿವನ್ ನೇಮ್ ಯಾವುದು ಎಂಬ ವಿಂಗಡಣೆ ಕೂಡ ಹಾಗೇ ಇರಲಿ. ಕೆಳಗೆ 'ಬಳಸಿದ ಇತರ ಹೆಸರುಗಳು' ಎಂಬ ಜಾಗವಿದೆ. ಇನಿಷಿಯಲ್ ಇರುವ ಹೆಸರು, ಊರಿನ ಅಕ್ಷರ ಸೇರಿದ ಹೆಸರು, ಎರಡನ್ನೂ ಅಲ್ಲಿ ಬರೆಯಿರಿ. ತುಂಬ ಜನ ಅದನ್ನು 'ಬೇರೆ ಹೆಸರಿಟ್ಟುಕೊಂಡವರಿಗೆ' ಅಂತ ತಿಳಿದು ಖಾಲಿ ಬಿಡುತ್ತಾರೆ. ಆಮೇಲೆ ಮದುವೆ ಪತ್ರದಲ್ಲಿರುವ ಹೆಂಗಸು ನೀವೇ ಹೌದೇ ಎಂಬ ಪ್ರಶ್ನೆ ಪತ್ರದ ಮೂಲಕ ಬರುತ್ತದೆ. ಅಂಕಪಟ್ಟಿ ಕಳಿಸುವ ಅಗತ್ಯವೇ ಇಲ್ಲ, ಸುಮ್ಮನೆ ಮೂರನೇ ಹೆಸರೊಂದನ್ನು ಕಡತಕ್ಕೆ ಸೇರಿಸಿದ ಹಾಗಾಗುತ್ತದೆ.

ಈಗ ಮದುವೆ ಪತ್ರ. ಉಪನೋಂದಣಾಧಿಕಾರಿ ಕಚೇರಿಯ ಪತ್ರ ಕನ್ನಡದಲ್ಲಿದ್ದರೆ ಅದರ ಪೂರ್ತಿ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಪೂರ್ತಿ ಎಂದರೆ ದುಂಡು ಮೊಹರಿನೊಳಗಿನ ಅಕ್ಷರ, ಅಂಚಿನಲ್ಲಿ ಕೈಯಲ್ಲಿ ಬರೆದ ನೋಂದಣಿ ಸಂಖ್ಯೆ, ಸಾಕ್ಷಿಗಳ ಹೆಸರು ಎಲ್ಲ. ಅನುವಾದಿಸಿದವರು ಕೊನೆಯಲ್ಲಿ 'ಈ ಅನುವಾದ ಪೂರ್ಣವಾಗಿದೆ, ನಿಖರವಾಗಿದೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ನನಗಿದೆ' ಎಂದು ಬರೆದು, ಹೆಸರು, ವಿಳಾಸ, ತಾರೀಖು ಹಾಕಿ ಸಹಿ ಮಾಡಬೇಕು. ನೋಟರಿ ಬೇಕಿಲ್ಲ. ಏಜೆನ್ಸಿಗೆ ದುಡ್ಡು ಸುರಿಯಬೇಕಾಗಿಯೂ ಇಲ್ಲ. ನೀವಾಗಲಿ ಯಜಮಾನರಾಗಲಿ ಮಾಡುವುದಕ್ಕಿಂತ ಎರಡೂ ಭಾಷೆ ಚೆನ್ನಾಗಿ ಬಲ್ಲ, ಕೇಸಿಗೆ ಸಂಬಂಧವಿಲ್ಲದ ಗೆಳತಿಯೊಬ್ಬರು ಮಾಡಿದರೆ ಒಳ್ಳೆಯದು.

ಇಲ್ಲೊಂದು ಮಾತು ಒತ್ತಿ ಹೇಳುತ್ತೇನೆ. ನಮ್ಮ ಪತ್ರದಲ್ಲಿ 05-08-2019 ಅಂತಿದ್ದರೆ ಅದು ಆಗಸ್ಟ್ 5. ಇಲ್ಲಿಯವರು ಅದನ್ನು ಮೇ 8 ಎಂದು ಓದುತ್ತಾರೆ. ಅನುವಾದದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಸಿ. ಅರ್ಜಿಯ ಕಾಲಂಗಳಲ್ಲಿ ಮೊದಲು ತಿಂಗಳು, ಆಮೇಲೆ ದಿನ.

ಜೊತೆಗೆ ಹೋಗಬೇಕಾದವು: ನಿಮ್ಮ ಪಾಸ್‌ಪೋರ್ಟ್ ಪುಟ, ವೀಸಾ, ಐ-94, ಎಚ್-4 ಅನುಮೋದನೆ ಪತ್ರವಿದ್ದರೆ ಅದು, ಯಜಮಾನರ ಎಚ್-1ಬಿ ಐ-797, ಐ-94, ಐ-140 ಅನುಮೋದನೆ ಪತ್ರ, 2 ಇಂಚು ಚದರದ, ಬಿಳಿ ಹಿನ್ನೆಲೆಯ, ಕನ್ನಡಕವಿಲ್ಲದ ಇತ್ತೀಚಿನ ಎರಡು ಫೋಟೊ. ಎಲ್ಲಕ್ಕೂ ಜೆರಾಕ್ಸ್ ಸಾಕು, ಕೇಳದೆ ಅಸಲು ಕಳಿಸಬೇಡಿ.

ಅರ್ಹತಾ ವರ್ಗದ ಜಾಗದಲ್ಲಿ ಸಿ-26 ಎಂದು ಬರೆಯಬೇಕು. ಅದರ ಕೆಳಗೆ ಗಂಡನ ಎಚ್-1ಬಿಗಾಗಿ ಕಂಪನಿ ಹಾಕಿದ ಐ-129 ಅರ್ಜಿಯ ರಸೀದಿ ಸಂಖ್ಯೆ ಕೇಳುತ್ತಾರೆ. ಮೂರು ಅಕ್ಷರ, ಹತ್ತು ಅಂಕೆ ಇರುವ ಆ ಸಂಖ್ಯೆ ಇರುವುದು ಎಚ್-1ಬಿ ಅನುಮೋದನೆ ಪತ್ರದಲ್ಲಿ. ಐ-140 ಪತ್ರವೂ ನೋಡಲು ಹಾಗೇ ಇರುವುದರಿಂದ ಅದರ ಸಂಖ್ಯೆಯನ್ನು ಇಲ್ಲಿ ತುಂಬಿಬಿಡುವ ತಪ್ಪು ನಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ನಿಮಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ ಇದೇ ಅರ್ಜಿಯಲ್ಲಿ ಕೇಳಬಹುದು. ಅಪ್ಪ-ಅಮ್ಮನ ಹೆಸರು ತುಂಬಿಸಿ, ಮಾಹಿತಿ ಹಂಚಿಕೊಳ್ಳಲು ಒಪ್ಪಿಗೆ ಗುರುತು ಹಾಕಿ. ಆ ಕಾರ್ಡು ಬೇರೆಯಾಗಿ ಅಂಚೆಯಲ್ಲಿ ಬರುತ್ತದೆ.

ಪ್ರಶ್ನೆ (ಮೂಲ ದಾವಣಗೆರೆ, ಈಗ ಇಲಿನಾಯ್):
ಮೇಡಂ, ನನ್ನ ಹೆಂಡತಿಯ ಪರವಾಗಿ ಕೇಳ್ತಿದ್ದೇನೆ. ನನ್ನ ಐ-140 ಮಾಡಿಸಿದ್ದು ಹಳೆಯ ಕಂಪನಿ. ಕೆಲಸ ಬಿಟ್ಟು ಎರಡು ವರ್ಷವಾಯಿತು. ಅನುಮೋದನೆ ಪತ್ರದ ಪ್ರತಿ ಕೇಳಿದರೆ ಅದು ಕಂಪನಿಯ ಆಸ್ತಿ, ಕೊಡಲ್ಲ ಅಂದರು. ಐ-140 ವಾಪಸ್ ಪಡೆದಿದ್ದಾರೆ ಅಂತಲೂ ಕೇಳಿದೆ. ಹಾಗಾದರೆ ಅವಳಿಗೆ ದಾರಿ ಮುಚ್ಚಿತೇ?

ಉತ್ತರ:
ಮುಚ್ಚಿಲ್ಲ ಸರ್. ಮೊದಲು ಎರಡನೇ ಭಯಕ್ಕೆ ಉತ್ತರ. 2017ರ ಜನವರಿ 17ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಅನುಮೋದನೆಯಾಗಿ 180 ದಿನ ಕಳೆದ ಮೇಲೆ ಕಂಪನಿ ಐ-140 ಹಿಂಪಡೆದರೂ ಅಷ್ಟಕ್ಕೇ ಅನುಮೋದನೆ ರದ್ದಾಗುವುದಿಲ್ಲ. ಅದರ ಆಧಾರದಲ್ಲಿ ಹೆಂಡತಿ ಅರ್ಜಿ ಹಾಕಬಹುದು. ವಂಚನೆ ಅಥವಾ ವಲಸೆ ಇಲಾಖೆ ಯುಎಸ್‌ಸಿಐಎಸ್‌ನದೇ ತಪ್ಪಿನ ಕಾರಣಕ್ಕೆ ರದ್ದಾಗಿದ್ದರೆ ಆ ಮಾತು ಬೇರೆ.

ಪ್ರತಿ ಸಿಗದಿದ್ದಾಗ ಎರಡು ದಾರಿಯಿದೆ. ಒಂದು, ಮಾಹಿತಿ ಹಕ್ಕಿನ ಕಾನೂನಿನಡಿ, ಅಂದರೆ ಇಲ್ಲಿನವರು ಫೋಯಾ ಎನ್ನುವುದರಡಿ, ನಿಮ್ಮ ಕಡತದ ಪ್ರತಿಯನ್ನು ಯುಎಸ್‌ಸಿಐಎಸ್‌ನಿಂದಲೇ ಆನ್‌ಲೈನಿನಲ್ಲಿ ಕೇಳುವುದು. ಎರಡು, ಇರುವಷ್ಟು ವಿವರ ಕೊಟ್ಟು, ಪತ್ರ ಏಕೆ ಸಿಗಲಿಲ್ಲ ಎಂದು ಸಹಿ ಮಾಡಿದ ಹೇಳಿಕೆ ಜೋಡಿಸಿ, ಇಲಾಖೆ ತನ್ನ ದಾಖಲೆಯಲ್ಲೇ ನೋಡಿಕೊಳ್ಳಲಿ ಎಂದು ಕೋರುವುದು. ನಿಮ್ಮ ಎಚ್-1ಬಿ ಆರು ವರ್ಷ ದಾಟಿ ಮೂರು ವರ್ಷಕ್ಕೆ ವಿಸ್ತರಣೆಯಾಗಿದ್ದರೆ, ಆಗ ಹೊಸ ಕಂಪನಿಯ ವಕೀಲರು ಐ-140 ರಸೀದಿ ಸಂಖ್ಯೆ ಉಲ್ಲೇಖಿಸಿರುತ್ತಾರೆ. ಅವರಿಗೊಂದು ಮೇಲ್ ಹಾಕಿ, ಅರ್ಧ ಕೆಲಸ ಅಲ್ಲೇ ಮುಗಿದೀತು. ಹಳೆಯ ಕಂಪನಿಯ ಜೊತೆ ಜಗಳಕ್ಕೆ ಕೂತು ತಿಂಗಳು ಕಳೆಯಬೇಡಿ. ಆ ತಿಂಗಳುಗಳ ಸಂಬಳ ಹೋಗುವುದು ನಿಮ್ಮ ಹೆಂಡತಿಯದು.

ಪ್ರಶ್ನೆ (ಮೂಲ ಮೈಸೂರು, ಈಗ ಕ್ಯಾಲಿಫೋರ್ನಿಯ):
ನನ್ನದು ರಿನ್ಯೂವಲ್ ಮೇಡಂ. ಎರಡು ವರ್ಷದ ಹಿಂದೆ ನನ್ನ ಗೆಳತಿ ಕಾರ್ಡ್ ಮುಗಿದ ಮೇಲೂ ರಿನ್ಯೂವಲ್ ಅರ್ಜಿಯ ರಸೀದಿ ತೋರಿಸಿ ಕೆಲಸ ಮಾಡಿದ್ದಳು. ನಮ್ಮ ಎಚ್‌ಆರ್ ಈಗ ಹಾಗೆ ಆಗಲ್ಲ ಅಂತಿದ್ದಾರೆ. ನಿಜವೇ? ಇನ್ನೊಂದು, ಎಚ್-4ರವರಿಗೆ ಕೆಲಸದ ಪರವಾನಗಿ ಕೊಡುವ ನಿಯಮವನ್ನೇ ತೆಗೆದುಹಾಕ್ತಾರೆ ಅಂತ ವಾಟ್ಸ್ಯಾಪಿನಲ್ಲಿ ಓಡಾಡ್ತಿದೆ.

ಉತ್ತರ:
ನಿಮ್ಮ ಎಚ್‌ಆರ್ ಹೇಳಿದ್ದು ಸರಿ. ಸಮಯಕ್ಕೆ ಸರಿಯಾಗಿ ರಿನ್ಯೂವಲ್ ಹಾಕಿದವರಿಗೆ ಮೊದಲು 540 ದಿನದವರೆಗೆ ತಾನಾಗಿಯೇ ಮುಂದುವರಿಕೆ ಸಿಗುತ್ತಿತ್ತು, ಎಚ್-4ರವರಿಗೆ ಐ-94 ಮುಗಿಯುವ ತನಕ ಮಾತ್ರ. 2025ರ ಅಕ್ಟೋಬರ್ 30ರಿಂದೀಚೆಗೆ ಹಾಕಿದ ರಿನ್ಯೂವಲ್ ಅರ್ಜಿಗಳಿಗೆ ಅದು ಇಲ್ಲ. ಹೊಸ ಕಾರ್ಡು ಕೈಗೆ ಬಾರದಿದ್ದರೆ ಹಳೆಯ ಕಾರ್ಡಿನ ಕೊನೆಯ ದಿನವೇ ಕೆಲಸದ ಕೊನೆಯ ದಿನ. ಮರುದಿನ ಲ್ಯಾಪ್‌ಟಾಪ್ ತೆರೆದು ಬಾಕಿ ಮೇಲ್‌ಗೆ ಉತ್ತರಿಸುವುದೂ ಬೇಡ. ಸಂಬಳವಿಲ್ಲದ ರಜೆಯ ಬಗ್ಗೆ ಮ್ಯಾನೇಜರ್ ಹತ್ತಿರ ಈಗಲೇ ಮಾತಾಡಿ ಇಟ್ಟುಕೊಳ್ಳಿ.

ಕಾರ್ಡು ಮುಗಿಯುವ 180 ದಿನ ಮೊದಲಿನಿಂದ ರಿನ್ಯೂವಲ್ ಹಾಕಬಹುದು. ಆದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಕಾರ್ಡು ಮತ್ತು ಐ-94 ಒಂದೇ ದಿನ ಮುಗಿಯುತ್ತವೆ. ಆಗ ಎಚ್-4 ವಿಸ್ತರಣೆಯ ಐ-539 ಮಂಜೂರಾಗದೆ ಕೆಲಸದ ಪರವಾನಗಿ ಮಂಜೂರಾಗುವುದಿಲ್ಲ. ಇಡೀ ಸರಪಳಿ ಗಂಡನ ಕಂಪನಿ ಎಚ್-1ಬಿ ವಿಸ್ತರಣೆ ಯಾವಾಗ ಹಾಕುತ್ತದೆ ಎಂಬುದರ ಮೇಲೆ ನಿಂತಿದೆ. ಆರು ತಿಂಗಳ ಕಿಟಕಿ ತೆರೆದ ವಾರವೇ ಹಾಕಲು ಅವರನ್ನು ಒತ್ತಾಯಿಸಿ. ಅದರ ಜೊತೆಯಲ್ಲೇ ನಿಮ್ಮ ಐ-539, ಐ-765 ಎರಡೂ ಹೋಗಲಿ. ಪ್ರೀಮಿಯಂ ಶುಲ್ಕ ಕಟ್ಟಿದರೆ ಗಂಡನ ಅರ್ಜಿ ಬೇಗ ಮುಗಿಯುತ್ತದೆ. ನಿಮ್ಮ ಎರಡಕ್ಕೂ ಆ ಸೌಲಭ್ಯವಿಲ್ಲ. ಮೂರನ್ನೂ ಒಟ್ಟಿಗೇ ತೀರ್ಮಾನಿಸಬೇಕೆಂದು 2023ರ ಜನವರಿಯಲ್ಲಾದ ನ್ಯಾಯಾಲಯದ ರಾಜಿ ಒಪ್ಪಂದವೊಂದಿತ್ತು, ಅದರ ಅವಧಿ 2025ರ ಜನವರಿ 18ಕ್ಕೆ ಮುಗಿದಿದೆ.

ಊರಿಗೆ ಹೋಗಿ ವೀಸಾ ಸ್ಟಾಂಪ್ ಮಾಡಿಸಿ ಹೊಸ ಐ-94 ಪಡೆದು ಬಂದರೆ ಐ-539ರ ಕಾಯುವಿಕೆ ತಪ್ಪುತ್ತದೆ ಎಂದು ಹಿಂದೆ ನಾನೇ ಹೇಳುತ್ತಿದ್ದೆ. ಈಗ ಯೋಚಿಸಿ ಹೇಳುತ್ತೇನೆ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಇಬ್ಬರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುತ್ತಿದ್ದಾರೆ, ಭಾರತದಲ್ಲಿ ಅನೇಕರ ಸಂದರ್ಶನದ ದಿನ ತಿಂಗಳುಗಟ್ಟಲೆ ಮುಂದೆ ಹೋಯಿತು. ಮಗುವನ್ನು ಇಲ್ಲಿ ಶಾಲೆಗೆ ಬಿಟ್ಟು ಅಲ್ಲಿ ಸಿಕ್ಕಿಹಾಕಿಕೊಂಡ ತಾಯಂದಿರ ಕರೆ ನನಗೆ ಬಂದಿದೆ.

ನಿಯಮದ ಬಗ್ಗೆ: ಇದು 2015ರ ಮೇ 26ರಿಂದ ಜಾರಿಯಲ್ಲಿದೆ. ಇದರ ವಿರುದ್ಧ ಹೂಡಿದ್ದ ಮೊಕದ್ದಮೆ ಸುಮಾರು ಹತ್ತು ವರ್ಷ ನಡೆಯಿತು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ನಿಯಮವನ್ನು ಎತ್ತಿಹಿಡಿಯಿತು, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಇದನ್ನು ಬರೆಯುವ ಹೊತ್ತಿಗೆ ನಿಯಮವಿದೆ, ಅರ್ಜಿ ಹಾಕಿ.

ಪ್ರಶ್ನೆ (ಹಾಸನದವರೇ ಮತ್ತೆ):
ಮೇಡಂ, ನೀವು ಹೇಳಿದ ಹಾಗೆ ಐ-94 ತೆಗೆದು ನೋಡಿದೆ. ಯಜಮಾನರದು 2027ರವರೆಗೆ ಇದೆ, ನನ್ನದು ಅದಕ್ಕಿಂತ ಹನ್ನೊಂದು ತಿಂಗಳು ಮೊದಲೇ ಮುಗಿಯುತ್ತೆ! ನನ್ನ ಪಾಸ್‌ಪೋರ್ಟ್ ಮುಗಿಯೋದೂ ಅದೇ ದಿನ. ಇದಾ ಕಾರಣ? ಹಾಗೆಯೇ, ಕಾರ್ಡ್ ಬರೋವರೆಗೆ ಬೆಂಗಳೂರಿನ ಒಂದು ಟ್ಯೂಷನ್ ಸಂಸ್ಥೆಗೆ ಇಲ್ಲಿಂದಲೇ ಆನ್‌ಲೈನ್ ಪಾಠ ಮಾಡಬಹುದಾ? ಸಂಬಳ ಊರಿನ ಬ್ಯಾಂಕ್ ಖಾತೆಗೇ ಬರುತ್ತೆ. ಅರ್ಜಿ ತುಂಬಿಕೊಡೋಕೆ ನಮ್ಮ ಅಪಾರ್ಟ್‌ಮೆಂಟಿನವರೊಬ್ಬರು 300 ಡಾಲರ್ ಕೇಳ್ತಿದ್ದಾರೆ.

ಉತ್ತರ:
ಅದೇ ಕಾರಣ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ವಿಮಾನ ನಿಲ್ದಾಣದ ಅಧಿಕಾರಿ ಐ-94 ಅನ್ನೂ ಆ ದಿನಕ್ಕೇ ನಿಲ್ಲಿಸಬಹುದು. ಇದನ್ನು ಈಗಲೇ ಕಂಡುಕೊಂಡದ್ದು ಒಳ್ಳೆಯದಾಯಿತು. ಪಾಸ್‌ಪೋರ್ಟ್ ನವೀಕರಣಕ್ಕೆ ಈ ವಾರವೇ ಹಾಕಿ. ಹೊಸ ಪಾಸ್‌ಪೋರ್ಟ್ ಬಂದರೂ ಐ-94 ತಾನಾಗಿ ಉದ್ದವಾಗುವುದಿಲ್ಲ. ಅದು ಮುಗಿಯುವ ಮೊದಲೇ ಐ-539 ಹಾಕಲೇಬೇಕು, ಇಲ್ಲದಿದ್ದರೆ ನೀವು ಇಲ್ಲಿರುವುದೇ ಅಕ್ರಮವಾಗುತ್ತದೆ. ಐ-765 ಅನ್ನು ಮಾತ್ರ ಅದಕ್ಕಾಗಿ ತಡೆದಿಡಬೇಡಿ. ಈಗಿನ ಐ-94 ಮೇಲೆ ಸಿಗುವಷ್ಟು ದಿನದ ಕಾರ್ಡು ಸಿಗಲಿ. ನವೀಕರಣದ ನಡುವೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಎರಡೂ ಪಾಸ್‌ಪೋರ್ಟಿನ ಪ್ರತಿ ಇಡಿ.

ಆನ್‌ಲೈನ್ ಪಾಠ ಬೇಡ. ದುಡ್ಡು ಯಾವ ಖಾತೆಗೆ ಬಂದರೂ ಪಾಠ ಮಾಡುವ ನೀವು ಕೂತಿರುವುದು ಟೆಕ್ಸಾಸಿನಲ್ಲಿ. ಪರವಾನಗಿಯಿಲ್ಲದೆ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆ ಮುಂದೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಎದುರಾಗುತ್ತದೆ, ಆಗ ಸುಳ್ಳು ಹೇಳುವ ಹಾಗಿಲ್ಲ. ಪಾಠ ಮಾಡದೆ ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ ಅಂತ ಗೊತ್ತು, ನಾನೂ ಈ ದೇಶಕ್ಕೆ ಅವಲಂಬಿತಳಾಗಿಯೇ ಬಂದವಳು. ಕನ್ನಡ ಸಂಘದ ಭಾನುವಾರದ ಕನ್ನಡ ಶಾಲೆಯಲ್ಲಿ ಎಲ್ಲರೂ ಸಂಬಳವಿಲ್ಲದೆ ಸೇವೆಯಾಗಿ ಕಲಿಸುತ್ತಾರಲ್ಲ, ಅಂಥದ್ದಕ್ಕೆ ಅಡ್ಡಿಯಿಲ್ಲ.

ಅರ್ಜಿ ತುಂಬಿಕೊಡುವ ಆ ವ್ಯಕ್ತಿಯನ್ನು ಒಂದೇ ಪ್ರಶ್ನೆ ಕೇಳಿ: 'ಅರ್ಜಿಯಲ್ಲಿ ತುಂಬಿಸಿದವರ ಭಾಗಕ್ಕೆ ನಿಮ್ಮ ಹೆಸರು, ವಿಳಾಸ ಬರೆದು ಸಹಿ ಹಾಕ್ತೀರಾ?' ನಿಮ್ಮ ಪರವಾಗಿ ಯಾರೇ ತುಂಬಿಸಲಿ, ಹಾಕಲೇಬೇಕು. ಹಿಂಜರಿದರೆ ಅವರಿಗೆ ಅರ್ಜಿ ಕೊಡಬೇಡಿ. ನಿಮ್ಮ ಕೇಸು ಸರಳವಾಗಿದೆ, ಎರಡು ಸಂಜೆ ಕೂತರೆ ನೀವೇ ತುಂಬಬಹುದು.

ಐ-765ರ ಶುಲ್ಕ ಕಾಗದದ ಅರ್ಜಿಗೆ 2024ರ ಏಪ್ರಿಲ್ 1ರಿಂದ 520 ಡಾಲರ್. ಕಳಿಸುವ ದಿನ ಇಲಾಖೆಯ ಶುಲ್ಕ ಪುಟವನ್ನೂ, ಅರ್ಜಿ ಕಳಿಸುವ ವಿಳಾಸವನ್ನೂ, ಅರ್ಜಿಯ ಪುಟದ ಕೆಳಗಿರುವ ಆವೃತ್ತಿಯ ತಾರೀಖನ್ನೂ ಮತ್ತೊಮ್ಮೆ ನೋಡಿ, ಹಳೆಯ ಆವೃತ್ತಿ ಹೋದರೆ ಇಡೀ ಕಟ್ಟು ವಾಪಸ್ ಬರುತ್ತದೆ. 2025ರ ಅಕ್ಟೋಬರ್ 28ರ ನಂತರ ಚೆಕ್ ತೆಗೆದುಕೊಳ್ಳುವುದಿಲ್ಲ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಲ್ಲಿ ಕಟ್ಟಲು ಜಿ-1450, ಬ್ಯಾಂಕ್ ಖಾತೆಯಿಂದ ಕಟ್ಟಲು ಜಿ-1650 ನಮೂನೆ. ಅಮೆರಿಕದ ಬ್ಯಾಂಕ್ ಕೊಟ್ಟ ಕಾರ್ಡೇ ಆಗಬೇಕು, ಊರಿನ ಬ್ಯಾಂಕಿನದು ನಡೆಯುವುದಿಲ್ಲ. ಐ-539 ಕೂಡ ಅದೇ ಲಕೋಟೆಯಲ್ಲಿ ಹೋಗುವುದಾದರೆ ಎರಡಕ್ಕೂ ಬೇರೆ ಬೇರೆ ಪಾವತಿ ನಮೂನೆ. ಮನೆ ಬದಲಾಯಿಸಿದರೆ 10 ದಿನದೊಳಗೆ ಇಲಾಖೆಗೆ ತಿಳಿಸಬೇಕು. ಅಂಚೆ ಕಚೇರಿಗೆ ಹೇಳಿದ್ದು ಸಾಲದು.

ಪ್ರಶ್ನೆ (ಹಾಸನದವರು):
ತುಂಬ ಧನ್ಯವಾದ ಮೇಡಂ. ಪಾಸ್‌ಪೋರ್ಟ್ ಅಪಾಯಿಂಟ್‌ಮೆಂಟ್ ತಗೊಂಡೆ. ಅನುವಾದಕ್ಕೆ ಪಕ್ಕದ ಬೀದಿಯ ಧಾರವಾಡದ ಅಕ್ಕ ಒಪ್ಪಿದ್ದಾರೆ. ಕೊನೆಯದಾಗಿ ಒಂದು: ನಾನು ಚಿಕ್ಕಂದಿನಿಂದ ಸಹಿ ಮಾಡೋದು ಕನ್ನಡದಲ್ಲಿ, ಪಾಸ್‌ಪೋರ್ಟಿನಲ್ಲೂ ಅದೇ ಇದೆ. ಇದಕ್ಕೆ ಇಂಗ್ಲಿಷ್ ಸಹಿ ಅಭ್ಯಾಸ ಮಾಡಿಕೊಳ್ಳಬೇಕಾ?

ಉತ್ತರ:
ಬೇಡ. ಸಹಿ ಓದಲು ಬರಬೇಕೆಂದಾಗಲಿ, ಇಂಗ್ಲಿಷಿನಲ್ಲೇ ಇರಬೇಕೆಂದಾಗಲಿ ಇಲಾಖೆಯ ನಿಯಮದಲ್ಲಿಲ್ಲ. ನೀವು ಯಾವಾಗಲೂ ಮಾಡುವ ಸಹಿಯಾಗಿದ್ದರೆ ಸಾಕು. ಟೈಪ್ ಮಾಡಿದ ಹೆಸರನ್ನು ಮಾತ್ರ ಒಪ್ಪುವುದಿಲ್ಲ. ಪೆನ್ನು ತೆಗೆದುಕೊಂಡು, ಅರ್ಜಿದಾರರ ಸಹಿ ಎಂದಿರುವ ಜಾಗದಲ್ಲಿ, ಪಾಸ್‌ಪೋರ್ಟಿನಲ್ಲಿ ಮಾಡಿದ ಹಾಗೇ ಕನ್ನಡದಲ್ಲಿ ಸಹಿ ಮಾಡಿ, ಪಕ್ಕದಲ್ಲಿ ತಾರೀಖು ಹಾಕಿ. ತಿಂಗಳು ಮೊದಲು.